ಇಂದಿರಾ ಬಯೋಪಿಕ್: ಬಿಳಿ ಕೂದಲಿಗಿಂತ ತಾರೀಖು ಮುಖ್ಯ

ಮಾನ್ಯ ಸಂಪಾದಕರೇ,

ಇಂದಿರಾ ಗಾಂಧಿಯವರ ಬದುಕನ್ನು ಆಧರಿಸಿದ ಸಿನಿಮಾ ಬಂದಾಗಲೆಲ್ಲ ಚರ್ಚೆ ನಡೆಯುವುದು ಎರಡೇ ವಿಷಯಕ್ಕೆ. ನಟಿ ಅವರ ಹಾಗೆ ಕಾಣುತ್ತಾರೆಯೇ? ಚಿತ್ರ ಅವರ ಪರವೋ, ವಿರುದ್ಧವೋ? ನಮ್ಮ ತಕರಾರು ಬೇರೆ. ಸುಮಾರು 16 ವರ್ಷ ದೇಶ ಆಳಿದ ಹೆಂಗಸು ಅಧಿಕಾರವನ್ನು ಹೇಗೆ ನಡೆಸಿದರು ಎಂಬುದೇ ಪರದೆಗೆ ಬರುವುದಿಲ್ಲ. ಕನ್ನಡಿಯ ಮುಂದೆ ನಿಲ್ಲುತ್ತಾರೆ, ತಂದೆಯನ್ನು ನೆನೆಯುತ್ತಾರೆ, ಮಗನ ಮೇಲೆ ರೇಗುತ್ತಾರೆ. ಮುಂದಿನ ದೃಶ್ಯದಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾಗಿಬಿಟ್ಟಿರುತ್ತವೆ! ಗಂಡಸು ನಾಯಕನ ಕಥೆಯಾದರೆ ಸಭೆ, ಲೆಕ್ಕಾಚಾರ, ಒಳಸುಳಿ ಎಲ್ಲವನ್ನೂ ಬಿಡಿಸಿ ತೋರಿಸುವವರು ಇಲ್ಲಿ ಮಾತ್ರ ಕಣ್ಣೀರಿಗೆ ಕ್ಲೋಸಪ್ ಇಡುತ್ತಾರೆ.

1969ರ ಜುಲೈಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ (ಎಐಸಿಸಿ) ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. 12ರಂದು ಪಕ್ಷದ ಸಂಸದೀಯ ಮಂಡಳಿಯಲ್ಲಿ ಇಂದಿರಾ ಅವರ ಮಾತು ನಡೆಯಲಿಲ್ಲ. ರಾಷ್ಟ್ರಪತಿ ಚುನಾವಣೆಗೆ ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿ ಅಭ್ಯರ್ಥಿಯಾದರು. ದೆಹಲಿಗೆ ಮರಳಿದ ಪ್ರಧಾನಿ 16ರಂದು ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರ ಶನಿವಾರ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ಅಷ್ಟು ಅವಸರ ಏಕೆ? ಸಂಸತ್ತು ಸೇರಿಬಿಟ್ಟರೆ ಸುಗ್ರೀವಾಜ್ಞೆಗೆ ಅವಕಾಶವಿಲ್ಲ, ಅಧಿವೇಶನ ಶುರುವಾಗುವುದು 21ರ ಸೋಮವಾರ. ಸಹಿ ಹಾಕಬೇಕಾದ ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ ತಾವೂ ಚುನಾವಣೆಗೆ ನಿಲ್ಲಲು 20ಕ್ಕೆ ರಾಜೀನಾಮೆ ಕೊಟ್ಟರು. ಒಂದು ದಿನ ತಡವಾಗಿದ್ದರೆ ಆ ಸಹಿ ಸಿಗುತ್ತಿರಲಿಲ್ಲ. ಪಟ್ಟಿಗೆ ಸೇರಿದ್ದು 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿ ಇದ್ದ ಬ್ಯಾಂಕುಗಳು. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ಎಂಟು ದಿನ, ಮೂರು ರಾಜೀನಾಮೆ (ಉಪಪ್ರಧಾನಿ ಹುದ್ದೆಗೆ ದೇಸಾಯಿ, ಸ್ಪೀಕರ್ ಹುದ್ದೆಗೆ ರೆಡ್ಡಿ, ಜೊತೆಗೆ ಗಿರಿ), ಒಂದು ಸಹಿ. ಇದಕ್ಕೆ ಹಿನ್ನೆಲೆ ಸಂಗೀತ ಕೂಡ ಬೇಡ. ಗೋಡೆಯ ಕ್ಯಾಲೆಂಡರ್ ತೋರಿಸಿದರೆ ಪ್ರೇಕ್ಷಕ ಸೀಟಿನ ತುದಿಗೆ ಬಂದು ಕೂರುತ್ತಾನೆ. ಆದರೂ ಇದು ಸ್ಕ್ರಿಪ್ಟಿನಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ.

ರಾಯ್‌ಬರೇಲಿಯಿಂದ ಇಂದಿರಾ ಅವರ ಆಯ್ಕೆಯನ್ನು ಅಸಿಂಧುಗೊಳಿಸಿದ ಅಲಹಾಬಾದ್ ಹೈಕೋರ್ಟಿನ ತೀರ್ಪಿಗೂ ಇದೇ ಗತಿ. 1975ರ ಜೂನ್ 12ರ ದೃಶ್ಯದಲ್ಲಿ ನ್ಯಾಯಮೂರ್ತಿಗಳ ಕೈಯಲ್ಲಿ ಗುಡುಗಿನ ಸಂಭಾಷಣೆ ಹೇಳಿಸುತ್ತಾರೆ. ನಿಜವಾದ ತೀರ್ಪು ನಿಂತದ್ದು ಬಹಳ ಸಣ್ಣ ಸಂಗತಿಗಳ ಮೇಲೆ: ಇಂದಿರಾ ಅವರ ಚುನಾವಣಾ ಏಜೆಂಟ್ ಯಶಪಾಲ್ ಕಪೂರ್ ಅವರ ಸರ್ಕಾರಿ ನೌಕರಿಯ ರಾಜೀನಾಮೆ ಯಾವ ದಿನ ಜಾರಿಗೆ ಬಂತು, ರಾಯ್‌ಬರೇಲಿಯ ಸಭೆಗಳಿಗೆ ವೇದಿಕೆ ಕಟ್ಟಿಸಿ ಧ್ವನಿವರ್ಧಕಕ್ಕೆ ವಿದ್ಯುತ್ ಒದಗಿಸಿದ್ದು ಯಾರು. ದೇಶದ ಪ್ರಧಾನಿಯ ಸ್ಥಾನವನ್ನು ಅಲುಗಾಡಿಸಿದ್ದು ಒಂದು ರಾಜೀನಾಮೆ ಪತ್ರದ ತಾರೀಖು. ಆ ಪತ್ರವನ್ನು ಪರದೆಯ ತುಂಬ ತೋರಿಸಬೇಕು.

ಇನ್ನು ದನಿಯ ವಿಷಯ. ನಟಿಯರು ತಿಂಗಳುಗಟ್ಟಲೆ ಹಳೆಯ ಭಾಷಣ ಕೇಳಿ ಅಭ್ಯಾಸ ಮಾಡುತ್ತಾರೆ, ಆದರೂ ಕೀರಲು ಎನಿಸುತ್ತದೆ. ಕಾರಣ ಎಷ್ಟೋ ಸಲ ನಟಿಯಲ್ಲ, ಟೇಪು. ಅಂದಿನ ಸುದ್ದಿಚಿತ್ರಗಳನ್ನು ಚಿತ್ರೀಕರಿಸಿದ್ದು 35 ಎಂಎಂ ಫಿಲಂನಲ್ಲಿ, ಸೆಕೆಂಡಿಗೆ 24 ಫ್ರೇಮಿನಂತೆ. ನಮ್ಮ ಟಿವಿ ಓಡುವುದು ಸೆಕೆಂಡಿಗೆ 25 ಫ್ರೇಮಿನಲ್ಲಿ. ಫಿಲಂ ಅನ್ನು ಟೇಪಿಗೆ ಇಳಿಸುವಾಗ ಅದೇ ವೇಗದಲ್ಲಿ ಓಡಿಸಿಬಿಟ್ಟರೆ 60 ಸೆಕೆಂಡಿನ ಮಾತು 57.6 ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿ ಸುಮಾರು ಮುಕ್ಕಾಲು ಸ್ವರಸ್ಥಾನ ಮೇಲೇರುತ್ತದೆ. ಅದನ್ನು ಕೇಳಿ ಕಲಿತವರು ಇಲ್ಲದ ದನಿಯನ್ನು ಅನುಕರಿಸುತ್ತಾರೆ. ಪರಿಹಾರ ಸುಲಭ: ಧ್ವನಿಯನ್ನು ಶೇ 96ರ ವೇಗಕ್ಕೆ ಇಳಿಸಿ, ಆಕಾಶವಾಣಿಯ ಧ್ವನಿಮುದ್ರಣದ ಜೊತೆ ಹೋಲಿಸಿ ನೋಡಿ, ಆಮೇಲೆ ನಟಿಯ ಕೈಗೆ ಕೊಡಿ.

ಅದೇ ಸುದ್ದಿಚಿತ್ರದ ತುಣುಕನ್ನು ಸಿನಿಮಾದೊಳಗೆ ಸೇರಿಸುವಾಗ ಇನ್ನೊಂದು ಅನ್ಯಾಯ ಆಗುತ್ತದೆ. ಮೂಲ ಚೌಕಟ್ಟು 1.37:1, ಇಂದಿನ ಸ್ಕೋಪ್ ಪರದೆ 2.39:1. ಅಗಲ ತುಂಬಿಸಲು ಹಿಗ್ಗಿಸಿದರೆ ಎತ್ತರದಲ್ಲಿ ಶೇ 57ರಷ್ಟು ಮಾತ್ರ ಉಳಿಯುತ್ತದೆ. ಮೇಲೆತ್ತಿದ ಕೈ, ಮುಂದಿನ ಮೈಕುಗಳು, ವೇದಿಕೆಯ ಕೆಳಗಿನ ಜನ ಎಲ್ಲ ಮಾಯ. ಕತ್ತರಿಸದೆ ಅಡ್ಡಕ್ಕೆ ಎಳೆದರಂತೂ ಮುಖವೇ ಊದಿಕೊಳ್ಳುತ್ತದೆ. ಎರಡೂ ಪಕ್ಕ ಕಪ್ಪು ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಯಾವ ಪ್ರೇಕ್ಷಕನೂ ಬೇಸರಪಡುವುದಿಲ್ಲ.

ಕಲಾ ವಿಭಾಗದವರು ಮರೆಯಬಾರದ ಕೆಲವು ಸಂಗತಿಗಳಿವೆ. 1969ರಲ್ಲಿ ಒಡೆಯುವವರೆಗೂ ಕಾಂಗ್ರೆಸ್ಸಿನ ಚಿಹ್ನೆ ಜೋಡೆತ್ತು. 1971 ಮತ್ತು 1977ರಲ್ಲಿ ಇಂದಿರಾ ಅವರದು ಹಸು-ಕರು. ‘ಕೈ’ ಬಂದದ್ದು 1978ರಲ್ಲಿ. 1971ರ ‘ಗರೀಬಿ ಹಟಾವೋ’ ಸಭೆಯಲ್ಲಿ ಹಸ್ತದ ಬ್ಯಾನರ್ ಕಟ್ಟಿದರೆ ಇಡೀ ದೃಶ್ಯ ಸುಳ್ಳಾಗುತ್ತದೆ. ಮತಗಟ್ಟೆಯಲ್ಲಿ ಬೇಕಾದ್ದು ಕಾಗದದ ಮತಪತ್ರ, ಮುದ್ರೆ, ಕಬ್ಬಿಣದ ಪೆಟ್ಟಿಗೆ; ಮತಯಂತ್ರ ಮೊದಲು ಬಳಕೆಯಾದದ್ದು 1982ರಲ್ಲಿ, ಅದೂ ಕೇರಳದ ಪರವೂರಿನಲ್ಲಿ. ಸಾಲಿನಲ್ಲಿ 18ರ ಹುಡುಗ ಹುಡುಗಿಯರನ್ನು ನಿಲ್ಲಿಸಬೇಡಿ, 1989ರವರೆಗೂ ಮತದಾನದ ವಯಸ್ಸು 21. 1971ರ ಯುದ್ಧದ ಸುದ್ದಿಯನ್ನು ಕರ್ನಾಟಕದ ಮನೆಯವರು ಟಿವಿಯಲ್ಲಿ ನೋಡಲಿಲ್ಲ, ರೇಡಿಯೋದಲ್ಲಿ ಕೇಳಿದರು. ಬೆಂಗಳೂರಿಗೆ ದೂರದರ್ಶನ ಬಂದದ್ದೇ 1981ರಲ್ಲಿ.

ಮೇಕಪ್ ಬಗ್ಗೆ ಎರಡೇ ಮಾತು. 1966ರಿಂದ 1984ರವರೆಗೆ ಒಂದೇ ವಿಗ್ ಸಾಲದು, ಬಿಳಿ ಪಟ್ಟಿಯ ಅಗಲ ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಸಿಲಿಕೋನ್ ಮೂಗಿನ ತೆಳು ಅಂಚು ಬಿಚ್ಚುವಾಗ ಹರಿಯುವುದರಿಂದ ಶೂಟಿಂಗ್ ದಿನಕ್ಕೊಂದು ಹೊಸ ಮೂಗು ಲೆಕ್ಕ ಹಾಕಬೇಕು. ಉಳಿತಾಯಕ್ಕೆಂದು ಹಳೆಯದನ್ನೇ ಅಂಟಿಸಿದರೆ ದೀಪದ ಕಾವಿಗೆ ಬೆವರಿ ಅಂಚು ಏಳುತ್ತದೆ. ಆಗ ಕ್ಯಾಮೆರಾ ದೂರ ಸರಿಯಬೇಕಾಗುತ್ತದೆ, ನಟನೆ ಕಾಣದಾಗುತ್ತದೆ.

ಲೋಕಸಭೆಯ ದೃಶ್ಯಗಳಿಗೆ ಮಾತ್ರ ಯಾವ ವಿಡಿಯೊ ಆಧಾರವೂ ಇಲ್ಲ. ಸಂಸತ್ತಿನ ಸಭಾಂಗಣದಿಂದ ಟಿವಿ ಪ್ರಸಾರ ಶುರುವಾದದ್ದೇ 1989ರ ಡಿಸೆಂಬರ್‌ನಲ್ಲಿ. ಹಾಗೆಂದು ಸಂಭಾಷಣೆ ಹುಟ್ಟುಹಾಕಬೇಕಾಗಿಲ್ಲ. ಕಲಾಪದ ಮುದ್ರಿತ ವರದಿಯಲ್ಲಿ ಯಾರು ಏನು ಹೇಳಿದರು ಎಂಬುದರ ಜೊತೆಗೆ ಎಲ್ಲಿ ಗದ್ದಲವಾಯಿತು ಎಂಬುದೂ ದಾಖಲಾಗಿದೆ. ತುರ್ತುಪರಿಸ್ಥಿತಿಗೆ, ಅದರ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ ವರದಿಗಳಿವೆ. ಕುಟುಂಬದ ಒಪ್ಪಿಗೆ ಬೇಕೆಂಬ ಅಂಜಿಕೆಯಿಂದ ಹೆಸರು ಬದಲಿಸುವವರು, ಸಾರ್ವಜನಿಕ ದಾಖಲೆ ಆಧರಿಸಿ ಬರೆಯಲು ಅನುಮತಿ ಬೇಡವೆಂದು 1994ರಲ್ಲೇ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನು ಓದಿಕೊಳ್ಳಲಿ. ದಾಖಲೆಯನ್ನು ಬಿಟ್ಟು ಮಲಗುವ ಕೋಣೆಯ ಮಾತನ್ನು ಕಲ್ಪಿಸಿದಾಗಲೇ ತೊಂದರೆ ಶುರುವಾಗುವುದು.

ನಮ್ಮ ನಿರ್ದೇಶಕರಿಗೆ ಒಂದು ವಿನಂತಿ. ಹುಟ್ಟಿನಿಂದ ಹತ್ಯೆಯವರೆಗೆ ಎರಡೂವರೆ ಗಂಟೆಯಲ್ಲಿ ತುರುಕುವುದನ್ನು ಬಿಡಿ. 1978ರ ಚಿಕ್ಕಮಗಳೂರು ಉಪಚುನಾವಣೆಯೊಂದೇ ಸಾಕು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರ. ಎದುರಾಳಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ಬೆನ್ನಿಗೆ ನಿಂತ ಮುಖ್ಯಮಂತ್ರಿ ದೇವರಾಜ ಅರಸು. ತೋಟಗಳಲ್ಲಿ ಕಾಫಿ ಹಣ್ಣು ಕೆಂಪಾಗುವ ನವೆಂಬರ್. ಸುಮಾರು 77 ಸಾವಿರ ಮತಗಳ ಗೆಲುವು. ಆರು ವಾರ ಕಳೆಯುವುದರೊಳಗೆ, ಡಿಸೆಂಬರ್ 19ರಂದು, ಹಕ್ಕುಚ್ಯುತಿ ಆರೋಪದ ಮೇಲೆ ಲೋಕಸಭೆ ಅವರನ್ನು ಹೊರಹಾಕಿ ತಿಹಾರ್ ಜೈಲಿಗೆ ಕಳುಹಿಸಿತು. ಅಂದು ಸ್ಪೀಕರ್ ಪೀಠದಲ್ಲಿದ್ದವರು ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ, 1973ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದಾಗ ಇಂದಿರಾ ಸರ್ಕಾರ ಜ್ಯೇಷ್ಠತೆ ಕಡೆಗಣಿಸಿದ್ದಕ್ಕೆ ರಾಜೀನಾಮೆ ಕೊಟ್ಟು ಬಂದವರು. ಮರುವರ್ಷ ಅರಸು ಪಕ್ಷದಿಂದ ಹೊರಗೆ. 1980ರ ಜನವರಿಯಲ್ಲಿ ಇಂದಿರಾ ಮತ್ತೆ ಪ್ರಧಾನಿಯಾದಾಗ ಪ್ರಮಾಣವಚನ ಬೋಧಿಸಿದ ರಾಷ್ಟ್ರಪತಿ, ಗಾಜಿನ ಮನೆಯ ದಿನಗಳ ಅದೇ ಸಂಜೀವ ರೆಡ್ಡಿ. ಆ ವರ್ಷವೇ ಕೇಂದ್ರ ಮಂತ್ರಿಯಾಗಿ ಅವರ ಸಂಪುಟ ಸೇರಿದವರಲ್ಲಿ ವೀರೇಂದ್ರ ಪಾಟೀಲರೂ ಇದ್ದರು.

ಇಂತಿ,
ಸಂಕಲನ, ಪ್ರಸಾಧನ ಮತ್ತು ಕಲಾ ವಿಭಾಗಗಳಲ್ಲಿ ದುಡಿಯುವ ಕೆಲವರು
ಬೆಂಗಳೂರು