ಎರಡು ಗುಡ್ಡ, ನಡುವೆ ಸೂರ್ಯ

ಮಾನ್ಯರೇ,

ನಾನು ನಿವೃತ್ತ ಚಿತ್ರಕಲಾ ಶಿಕ್ಷಕಿ. ಈಗ ಪ್ರತಿ ಶನಿವಾರ ಸಾಗರದ ಹತ್ತಿರದ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತೇನೆ. ಅಲ್ಲಿರುವುದು 19 ಮಕ್ಕಳು. ಮೊದಲ ದಿನ ‘ನಿಮ್ಮೂರು ಬಿಡಿಸಿ’ ಅಂದೆ. ಎಲ್ಲರದೂ ಒಂದೇ ಚಿತ್ರ. ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನ ಮರ. ಊರ ತುಂಬಾ ಇರುವುದು ಅಡಿಕೆ ತೋಟ! ಬೋರ್ಡಿನ ಮೇಲೆ ಬರೆದು ‘ಹೀಗೇ ಬಿಡಿಸಿ’ ಅನ್ನುವುದರ ಫಲ ಇದು.

ಮುಂದಿನ ವಾರ ಕೆಮ್ಮಣ್ಣು, ನೆನೆಸಿ ಅರೆದ ಅಕ್ಕಿ, ಪುಂಡಿ ನಾರಿನ ಕುಂಚ ಕೊಟ್ಟೆ. ಮಲೆನಾಡಿನ ದೀವರ ಸಮುದಾಯದವರು ಮನೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಬಳಸುವುದು ಇವನ್ನೇ. ಎರಡನೇ ಕ್ಲಾಸಿನ ಒಬ್ಬಳು ಕೊಟ್ಟಿಗೆ ಬಿಡಿಸಿದಳು. ಹಸುವಿಗಿಂತ ಅಜ್ಜಿಯೇ ದೊಡ್ಡವಳು. ಕೇಳಿದರೆ, ‘ಹಾಲು ಕರೆಯೋದು ಅಜ್ಜೀನೇ ಅಲ್ವಾ?’ ಅಂದಳು. ಅಂಥದ್ದನ್ನು ದಯವಿಟ್ಟು ಯಾರೂ ತಿದ್ದಬೇಡಿ.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅರೆಕಾಲಿಕ ಕಲಾ ಶಿಕ್ಷಕರ ಮಾತು ಬರುವುದು 6ರಿಂದ 8ನೇ ತರಗತಿಗೆ ಮಾತ್ರ. ಅದೂ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ. ಮಲೆನಾಡಿನ ಸಣ್ಣ ಶಾಲೆಗಳು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅಕ್ಕಪಕ್ಕದ ಐದು ಶಾಲೆಗಳಿಗೆ ಸೇರಿಸಿ ಒಬ್ಬರನ್ನು ಕೊಡಿ. ದಿನಕ್ಕೊಂದು ಶಾಲೆಗೆ ಹೋಗಲಿ. ಚಿತ್ತಾರ ಬರೆಯಬಲ್ಲ ಊರಿನ ಹೆಂಗಸರನ್ನೂ ಗೌರವಧನ ಕೊಟ್ಟು ತರಗತಿಗೆ ಕರೆಯಿರಿ. ಅವರು ಶಾಲೆಯ ಪಕ್ಕದ ಮನೆಯಲ್ಲೇ ಇದ್ದಾರೆ.

– ನಿವೃತ್ತ ಚಿತ್ರಕಲಾ ಶಿಕ್ಷಕಿ, ಸಾಗರ