ಫೋಟೋದಲ್ಲಿದ್ದ ಉಳಿದ ಹತ್ತು ಜನ ಯಾರು?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ವಿಶ್ವವಿದ್ಯಾಲಯದ ಅಪಸ್ಮಾರ (ಫಿಟ್ಸ್ ಕಾಯಿಲೆ) ಸಂಶೋಧನಾ ತಂಡದ ಸುದ್ದಿ ಬಂದಿತ್ತು. ಜೊತೆಗೆ ಫೋಟೋ. ಎಣಿಸಿ ನೋಡಿದೆ, ಹನ್ನೊಂದು ಜನ ಇದ್ದಾರೆ. ಕೆಳಗೆ ನಡುವೆ ಕೂತ ಡಾಕ್ಟರ್ ಹೆಸರು ಮಾತ್ರ, ಆಮೇಲೆ 'ಮತ್ತು ತಂಡ' ಅಂತ. ಆ ಡಾಕ್ಟರ್ ಬಗ್ಗೆ ನನಗೆ ಗೌರವ ಇದೆ. ಆದರೆ ಉಳಿದ ಹತ್ತು ಜನ ಯಾರು, ಯಾವ ಊರಿನವರು, ಏನು ಓದಿ ಅಲ್ಲಿಗೆ ಬಂದರು ಅಂತ ತಿಳಿಯಬೇಕು ಅನ್ನಿಸಿತು. ಯಾಕೆ ಅಂತ ಹೇಳುತ್ತೇನೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಕುಮಟಾ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನನ್ನ ತಮ್ಮನಿಗೆ ಒಂಬತ್ತನೇ ವಯಸ್ಸಿನಲ್ಲಿ ಫಿಟ್ಸ್ ಶುರುವಾಯಿತು. ಆಗ ನಾನು ಏಳನೇ ಕ್ಲಾಸು. ಫಿಟ್ಸ್ ಅಂದರೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ ಬರುವುದು ಅಂತ ಎಲ್ಲರೂ ತಿಳಿದಿರುತ್ತಾರೆ ಅಲ್ವಾ? ಅವನದು ಮೊದಮೊದಲು ಹಾಗಿರಲಿಲ್ಲ. ಬಚ್ಚಲಲ್ಲಿ ಕೂತು ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದವನು ನಿಲ್ಲಿಸುತ್ತಲೇ ಇರಲಿಲ್ಲ. ತಂಬಿಗೆ ಮೇಲೆ ತಂಬಿಗೆ. ಕರೆದರೆ ಓ ಅನ್ನುವುದಿಲ್ಲ. ಕಣ್ಣು ಎಲ್ಲೋ ನೆಟ್ಟಿರುತ್ತಿತ್ತು, ಬಾಯಿ ಮಾತ್ರ ಏನನ್ನೋ ಜಗಿಯುವ ಹಾಗೆ ಆಡುತ್ತಿತ್ತು. ನೀರಾಟ ಅಂತ ಅಪ್ಪ ಬಯ್ಯುತ್ತಿದ್ದರು. ಒಂದು ದಿನ ಹಂಡೆಯ ನೀರು ಅರ್ಧಕ್ಕೆ ಬಂದಿತ್ತು, ತಂಬಿಗೆ ಕೈಯಿಂದ ಜಾರಿ ಉರುಳಿದ ಸದ್ದಾಯಿತು, ಆಯಿ (ನಮ್ಮ ಕಡೆ ಅಮ್ಮನಿಗೆ ಹಾಗನ್ನುತ್ತೇವೆ) ಓಡಿ ಬಂದು ನೋಡಿದರೆ ಹುಡುಗ ಕೈಕಾಲು ಸೆಟೆದು ಕಲ್ಲಿನ ಮೇಲೆ ಬಿದ್ದಿದ್ದ. ಅಜ್ಜ ಕೈಯಲ್ಲಿ ಕಬ್ಬಿಣದ ಬೀಗದ ಕೈ ಹಿಡಿಸಿದರು. ಯಾರೋ ಮೂಗಿಗೆ ಈರುಳ್ಳಿ ಹಿಡಿದರು.

ಅದು ಬರುತ್ತಿದ್ದುದು ಶನಿವಾರ ಮಾತ್ರ. ಜೋಯಿಸರು ಶನಿ ಕಾಟ ಅಂದರು, ಎಳ್ಳೆಣ್ಣೆ ದೀಪ ಹಚ್ಚಿಸಿದೆವು, ಶಾಂತಿ ಮಾಡಿಸಿದೆವು. ಶಾಲೆಯಲ್ಲಿ ಅವನ ಪಕ್ಕ ಕೂರುವವರು ಇಲ್ಲವಾದರು. ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ಯಾರೋ ಹೇಳಿದರು ಅಂತ ಬೆಳಗಿನ ಬಸ್ಸು ಹತ್ತಿ ದಕ್ಷಿಣಕ್ಕೆ, ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಮನೆಯಲ್ಲಿ ಬಿಟ್ಟು ಹೋಗಲು ಯಾರೂ ಇಲ್ಲ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಅಲ್ಲಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆಯುವ ಕೋಣೆಯಲ್ಲಿ ಒಬ್ಬ ಟೆಕ್ನೀಷಿಯನ್ ಇದ್ದರು. ಟೇಪಿನಿಂದ ತಮ್ಮನ ತಲೆ ಅಳೆದು, ಬಣ್ಣದ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ಚುಕ್ಕೆ ಇಟ್ಟಲ್ಲಿ ಕೂದಲು ಬಿಡಿಸಿ, ಹತ್ತಿಯಿಂದ ಉಜ್ಜಿ, ಗಂಜಿಯ ಹಾಗಿದ್ದ ಬಿಳಿ ಪೇಸ್ಟ್ ಹಚ್ಚಿ ಒಂದೊಂದೇ ತಂತಿ ಅಂಟಿಸುತ್ತಿದ್ದರು. ಕೆಲಸ ಮಾಡುತ್ತಾ ಮಾಡುತ್ತಾ ಆಯಿಯ ಮಾತಿನ ಧಾಟಿ ಕೇಳಿ, 'ನೀವು ಕುಮಟಾ ಕಡೆಯವರಾ ಅಮ್ಮ? ನಾನು ಭಟ್ಕಳದ ಹತ್ತಿರದವನು' ಅಂದರು. ಅಷ್ಟು ಹೊತ್ತು ಡಾಕ್ಟರ ಎದುರು ಹೂಂ, ಇಲ್ಲ ಬಿಟ್ಟು ಬೇರೆ ಮಾತಾಡದ ಆಯಿ ಬಾಯಿ ಬಿಟ್ಟಳು. ಶನಿ ಕಾಟದ ಕತೆ ಎಲ್ಲಾ ಹೇಳಿದಳು. ಅವರು ಪೇಸ್ಟ್ ಹಚ್ಚುವ ಕೈ ನಿಲ್ಲಿಸಿ, 'ಶನಿವಾರ ನಿಮ್ಮನೆಯಲ್ಲಿ ಏನೇನು ಮಾಡ್ತೀರಿ?' ಅಂತ ಕೇಳಿದರು. ನಾನೇ ಉತ್ತರ ಕೊಟ್ಟೆ: 'ಎಣ್ಣೆ ಹಚ್ಚಿ ತಲೆಗೆ ನೀರು ಹೊಯ್ತೇವೆ.' ಅವರು ಕೈ ಒರೆಸಿಕೊಂಡು ಎದ್ದು ಡಾಕ್ಟರ ಹತ್ತಿರ ಹೋದರು.

ಅವತ್ತು ಇಇಜಿ ನಾರ್ಮಲ್ ಬಂತು. ಈ ಕಾಯಿಲೆಯಲ್ಲಿ ಎಷ್ಟೋ ಸಲ ಹಾಗೇ ಬರುತ್ತದೆ. ಆ ಪ್ರಶ್ನೆ ಕೇಳದೇ ಇದ್ದಿದ್ದರೆ ನಾವು 'ಏನೂ ಇಲ್ಲ' ಅಂತ ಬರೆದ ಚೀಟಿ ಹಿಡಿದು ಮನೆಗೆ ಬಂದು ಮತ್ತೆ ದೀಪ ಹಚ್ಚುತ್ತಿದ್ದೆವು.

ಇದಕ್ಕೆ ಬಿಸಿನೀರಿನ ಅಪಸ್ಮಾರ ಅಂತಲೇ ಹೆಸರು. ಬಿಸಿ ನೀರನ್ನು ತಲೆಯ ಮೇಲೆ ಬೇಗಬೇಗ ಹೊಯ್ದುಕೊಂಡಾಗ ಬರುವ ಫಿಟ್ಸ್. ಹುಡುಗರಲ್ಲೇ ಜಾಸ್ತಿ. ಇಂಥ ರೋಗಿಯ ಬಗ್ಗೆ ಮೊದಲು ಬರೆದದ್ದು 1945ರಲ್ಲಿ, ನ್ಯೂಜಿಲೆಂಡಿನ ಡಾಕ್ಟರೊಬ್ಬರು. ಆದರೆ ಇದು ಒಂದೋ ಎರಡೋ ಜನರಿಗೆ ಬರುವ ವಿಚಿತ್ರ ಅಲ್ಲ, ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ ಎಷ್ಟೋ ಮನೆಗಳ ಬಚ್ಚಲಲ್ಲಿ ನಡೆಯುವಂಥದ್ದು ಅಂತ ಜಗತ್ತಿಗೆ ತೋರಿಸಿದ್ದು ಬೆಂಗಳೂರಿನವರು. ಡಾ. ಕೆ. ಎಸ್. ಮಣಿ ಮತ್ತು ಅವರ ಜೊತೆಯವರು 1960ರ ದಶಕದಲ್ಲೇ ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ತಂಡ 279 ಜನರ ವಿವರ ಪ್ರಕಟಿಸಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ಪ್ರಯೋಗಾಲಯ ಇದರ ಜೀನ್ ಹುಡುಕಲು ಹೊರಟಿತು, ಯಾಕೆಂದರೆ ಕೆಲವು ಮನೆಗಳಲ್ಲಿ ಅಪ್ಪನಿಗೂ ಇದೆ, ಮಗನಿಗೂ ಇದೆ. ನೋಡಿ, ಒಂದು ಕಡೆ ನರರೋಗದ ಡಾಕ್ಟರ್, ಇನ್ನೊಂದು ಕಡೆ ತಳಿವಿಜ್ಞಾನದವರು. ಇಬ್ಬರೂ ಹುಡುಕುತ್ತಿರುವುದು ನಮ್ಮ ಬಚ್ಚಲಲ್ಲಿ ಆಗುವುದನ್ನೇ. ತಲೆಗೆ ಹಂಡೆಯ ನೀರು ಹೊಯ್ದುಕೊಂಡು ಬೆಳೆದವರಿಗೆ, ಆ ಸ್ನಾನ ನೋಡಿದವರಿಗೆ ಮಾತ್ರ ಈ ಪ್ರಶ್ನೆ ಹೊಳೆಯುತ್ತದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ನಾನು ಕೇಳುತ್ತಿರುವುದು, ಆ ಹತ್ತು ಜನ ಎಲ್ಲಿಂದ ಬಂದವರು ಅಂತ.

ನನ್ನ ತಮ್ಮನಿಗೆ ಸಿಕ್ಕ ಉಪಾಯ ತುಂಬಾ ಸರಳ. ಉಗುರುಬೆಚ್ಚಗಿನ ನೀರು, ತಲೆಗೆ ನಿಧಾನವಾಗಿ ಹಾಕುವುದು, ಸ್ವಲ್ಪ ವರ್ಷ ಕಾರ್ಬಮಜೆಪಿನ್ ಮಾತ್ರೆ. ಇವತ್ತು ಅವನಿಗೆ ಎರಡು ಮಕ್ಕಳು.

ಈ ಕಾಯಿಲೆಯ ಹಿಂದೆ ದುಡಿದವರ ಕತೆ ಹುಡುಕುತ್ತಾ ಹೋದರೆ ಎಲ್ಲಾ ಕಡೆ ಹೀಗೇ, ಬೇರೆ ಬೇರೆ ದಾರಿಯಿಂದ ಬಂದವರು. ತಲೆಯ ಮೇಲಿಂದ ಮೆದುಳಿನ ಅಲೆ ಹಿಡಿಯಬಹುದು ಅಂತ 1924ರಲ್ಲಿ ತೋರಿಸಿದ ಜರ್ಮನಿಯ ಹಾನ್ಸ್ ಬರ್ಗರ್ ಮನೋವೈದ್ಯ. ಅವರು ಈ ದಾರಿ ಹಿಡಿದದ್ದಕ್ಕೆ ಕಾರಣ ಕೇಳಿ. ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸ್ವಲ್ಪದರಲ್ಲಿ ಪಾರಾದರು, ಅದೇ ದಿನ ದೂರದ ಊರಲ್ಲಿದ್ದ ಅಕ್ಕನಿಗೆ ಯಾಕೋ ಎದೆ ಧಸಕ್ಕೆಂದು ಟೆಲಿಗ್ರಾಂ ಕಳಿಸುವಂತೆ ಅಪ್ಪನಿಗೆ ಹೇಳಿದಳು. ಮನಸ್ಸಿಂದ ಮನಸ್ಸಿಗೆ ಏನಾದರೂ ಹೋಗುತ್ತದಾ ಅಂತ ಅಂದಿನಿಂದ ಅವರಿಗೆ ಕಾಡಿತು. ಆಮೇಲೆ 1935ರಲ್ಲಿ ಬಾಸ್ಟನ್ನಿನಲ್ಲಿ ಗಿಬ್ಸ್ ದಂಪತಿ ಮತ್ತು ಲೆನಾಕ್ಸ್, ಮಕ್ಕಳು ಸುಮ್ನೆ ಕೆಲವು ಕ್ಷಣ 'ಎಲ್ಲೋ ಹೋಗಿಬಿಡುವ' ಫಿಟ್ಸ್ ಇದೆಯಲ್ಲ, ಆಗ ಸೆಕೆಂಡಿಗೆ ಮೂರರಂತೆ ಅಲೆ ಏಳುತ್ತದೆ ಅಂತ ತೋರಿಸಿದರು. ಅವರಿಗೆ ಯಂತ್ರ ಕಟ್ಟಿಕೊಟ್ಟವರು ಆಲ್ಬರ್ಟ್ ಗ್ರಾಸ್, ಎಂಜಿನಿಯರ್. ಎರ್ನಾ ಗಿಬ್ಸ್ ಜರ್ಮನಿಯಿಂದ ವಲಸೆ ಬಂದು ಅಲ್ಲಿ ಟೆಕ್ನೀಷಿಯನ್ ಆಗಿ ಸೇರಿಕೊಂಡವರು, ಡಾಕ್ಟರ್ ಅಲ್ಲ. ಇಇಜಿ ಕೋಣೆಯಲ್ಲಿದ್ದ ನಮ್ಮ ಭಟ್ಕಳದ ಕಡೆಯವರ ಹಾಗೆ.

ಇನ್ನು ನಮ್ಮ ಕರಾವಳಿಯವರಿಗೆ ಹತ್ತಿರದ್ದು ಒಂದಿದೆ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಮಾಣ್ಕಿ ಅನ್ನುತ್ತಾರಲ್ಲ, ನಾವು ಬೊಂಡಾಸ್ ಅನ್ನುವುದು, ಇಂಗ್ಲಿಷಿನಲ್ಲಿ ಸ್ಕ್ವಿಡ್. ಅದರ ಮೈಯಲ್ಲಿ ಒಂದು ನರತಂತು ಇದೆ, ಕೆಲವು ಜಾತಿಗಳಲ್ಲಿ ಅರ್ಧ ಮಿಲಿಮೀಟರಿನಷ್ಟು ದಪ್ಪ, ಬರಿಗಣ್ಣಿಗೆ ಕಾಣುವಂಥದ್ದು. ಇಂಗ್ಲೆಂಡಿನ ಕಡಲ ತೀರದ ಪ್ಲಿಮತ್ ಪ್ರಯೋಗಾಲಯದಲ್ಲಿ ಹಾಜ್ಕಿನ್ ಮತ್ತು ಹಕ್ಸ್‌ಲಿ ಅದರೊಳಗೆ ತಂತಿ ತೂರಿಸಿ, ನರದಲ್ಲಿ ವಿದ್ಯುತ್ ಹರಿಯುವುದು ಸೋಡಿಯಂ ಒಳಗೆ ನುಗ್ಗಿ ಪೊಟ್ಯಾಸಿಯಂ ಹೊರಗೆ ಹೋಗುವುದರಿಂದ ಅಂತ ಕಂಡುಕೊಂಡರು. ಕಂಪ್ಯೂಟರ್ ಸಿಗದೆ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ಸಮೀಕರಣ ಬಿಡಿಸಿದರು. 1952ರಲ್ಲಿ ಪ್ರಕಟಿಸಿದರು, 1963ರಲ್ಲಿ ನೊಬೆಲ್ ಬಂತು. ನನ್ನ ತಮ್ಮ ನುಂಗುತ್ತಿದ್ದ ಕಾರ್ಬಮಜೆಪಿನ್ ಮಾಡುವ ಕೆಲಸ ಆ ಸೋಡಿಯಂ ಬಾಗಿಲನ್ನು ಸ್ವಲ್ಪ ತಡೆಯುವುದೇ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅಲ್ಲಿ ಓದುವ ಮಕ್ಕಳಿಗೆ 'ನೀವೂ ಮೆದುಳಿನ ಕಾಯಿಲೆಯ ಸಂಶೋಧನೆಗೆ ಹೋಗಬಹುದು' ಅಂತ ಯಾರಾದರೂ ಹೇಳಿದ್ದಾರಾ?

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು, ಗಣಿತದಲ್ಲಿ ಬಹಳ ಚುರುಕು. ಅವಳ ಅಮ್ಮನಿಗೆ ಫಿಟ್ಸ್. 'ಮೇಡಂ, ನನಗೆ ಡಾಕ್ಟರ್ ಸೀಟು ಸಿಗಲ್ಲ, ಹಾಗಾಗಿ ಅಮ್ಮನ ಕಾಯಿಲೆಗೆ ನಾನೇನೂ ಮಾಡಕ್ಕಾಗಲ್ಲ' ಅಂದಳು. ಆ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಅವಳಿಗೆ ಬ್ರೆಂಡಾ ಮಿಲ್ನರ್ ಕತೆ ಹೇಳಿದೆ. ಕೇಂಬ್ರಿಜ್‌ಗೆ ಗಣಿತ ಓದಲು ಹೋಗಿ, ಅದು ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದವರು. ಫಿಟ್ಸ್ ನಿಲ್ಲಿಸಲು 1953ರಲ್ಲಿ ಮೆದುಳಿನ ಆಪರೇಷನ್ ಮಾಡಿಸಿಕೊಂಡು, ಆಮೇಲೆ ಹೊಸದನ್ನು ನೆನಪಿಡಲು ಆಗದೇ ಹೋದ ಹೆನ್ರಿ ಮೊಲೈಸನ್ ಅವರನ್ನು ವರ್ಷಗಟ್ಟಲೆ ಭೇಟಿಯಾಗಿ, ನೆನಪು ಅನ್ನುವುದು ಮೆದುಳಿನಲ್ಲಿ ಹೇಗೆ ಉಳಿಯುತ್ತದೆ ಅಂತ ತಿಳಿಸಿಕೊಟ್ಟವರು. ಪ್ರತಿ ಸಲವೂ ಹೊಸಬರ ಹಾಗೆ ಪರಿಚಯ ಮಾಡಿಕೊಳ್ಳಬೇಕಿತ್ತಂತೆ. ಮೊಲೈಸನ್ ಅವರನ್ನು ಕೂಡ ನಾನು ಆ ಸಂಶೋಧನೆಯ ತಂಡದಲ್ಲೇ ಸೇರಿಸುತ್ತೇನೆ. ಅವರ ಹೆಸರನ್ನು 2008ರಲ್ಲಿ ತೀರಿಕೊಳ್ಳುವವರೆಗೂ ಹೊರಗೆ ಹೇಳಲಿಲ್ಲ, ಎಚ್.ಎಂ. ಅಂತ ಎರಡು ಅಕ್ಷರ ಮಾತ್ರ. ಗುಟ್ಟು ಕಾಪಾಡಲು ಅದು ಸರಿಯೇ. ಆದರೆ ಸಂಬಳಕ್ಕೆ ದುಡಿಯುವ ಹತ್ತು ಜನರ ಹೆಸರು ಬಿಡಲು ಅಂಥ ಕಾರಣ ಏನೂ ಇಲ್ಲವಲ್ಲ.

ನಮ್ಮ ರಾಜ್ಯದ್ದೇ ಯಳಂದೂರಿನ ಅಧ್ಯಯನ ಇದೆ. ಡಾ. ಮಣಿಯವರ ತಂಡ ಆ ತಾಲ್ಲೂಕಿನ ಹಳ್ಳಿಗಳಲ್ಲಿ ಫಿಟ್ಸ್ ಇದ್ದವರನ್ನು ಹುಡುಕಿ, ಫೆನೋಬಾರ್ಬಿಟಾಲ್, ಫೆನಿಟಾಯಿನ್ ಅನ್ನುವ ಹಳೆಯ, ಅಗ್ಗದ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡಿತು. 2001ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬರೆದವರ ಸಾಲಿನಲ್ಲಿ ನಿಮ್ಹಾನ್ಸ್‌ನ ಸಂಖ್ಯಾಶಾಸ್ತ್ರಜ್ಞ ಡಿ. ಕೆ. ಸುಬ್ಬಕೃಷ್ಣ ಅವರ ಹೆಸರೂ ಇದೆ, ಲೆಕ್ಕದವರು. ಮನೆ ಬಾಗಿಲು ತಟ್ಟಿ 'ನಿಮ್ಮಲ್ಲಿ ಯಾರಿಗಾದರೂ ಮೂರ್ಛೆ ಬರುತ್ತದಾ' ಅಂತ ಕೇಳುವುದು ಇದೆಯಲ್ಲ, ಅದು ಬಹಳ ಕಷ್ಟದ ಕೆಲಸ. ನಮ್ಮ ಕಡೆ ಮದುವೆ ಆಗಬೇಕಾದ ಹುಡುಗಿ ಇದ್ದರೆ ಯಾವ ಮನೆಯವರೂ ಹೌದು ಅನ್ನುವುದಿಲ್ಲ. 1999ರವರೆಗೆ ಹಿಂದೂ ವಿವಾಹ ಕಾನೂನಿನಲ್ಲೇ ಪದೇ ಪದೇ ಅಪಸ್ಮಾರ ಬರುವವರು ಮದುವೆಗೆ ತಕ್ಕವರಲ್ಲ ಅಂತ ಇತ್ತು. ಅದನ್ನು ತೆಗೆದು ಇಷ್ಟು ವರ್ಷ ಆದರೂ ಊರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಅಂಥ ಮನೆಯಲ್ಲಿ ಕೂತು ಒಂದು ಲೋಟ ನೀರು ಕೇಳಿ, ಮಾತಿಗೆ ಮಾತು ಬೆಳೆಸಿ ನಿಜ ತಿಳಿದುಕೊಳ್ಳುವವಳು ಡಾಕ್ಟರ್ ಆಗಿರುವುದಿಲ್ಲ. ನರ್ಸೋ, ಆಶಾ ಕಾರ್ಯಕರ್ತೆಯೋ, ಸಮಾಜಕಾರ್ಯ ಓದಿದ ಹುಡುಗಿಯೋ ಆಗಿರುತ್ತಾಳೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರ ಇದೆ. ಸರಿಯಾಗಿ ಪತ್ತೆ ಮಾಡಿ ಔಷಧಿ ಕೊಟ್ಟರೆ ಅವರಲ್ಲಿ 70% ಜನ ಫಿಟ್ಸ್ ಇಲ್ಲದೆ ಬದುಕಬಹುದು. ನಮ್ಮ ಜಿಲ್ಲೆಯಲ್ಲಿ ನರರೋಗದವರನ್ನು ನೋಡಬೇಕು ಅಂದರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ ಅಂತ ಓಡುವುದೇ ಆಗಿದೆ. ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯ ಜನ ಎಷ್ಟು ಕೂಗಿದರು, ನೀವೇ ಬರೆದಿದ್ದೀರಿ. ಆಸ್ಪತ್ರೆ ಬರಲಿ, ಖಂಡಿತ ಬರಲಿ. ಬಂದಾಗ ಅದರಲ್ಲಿ ತಲೆ ಅಳೆದು ತಂತಿ ಅಂಟಿಸಲು, ಅಲೆ ಓದಲು, ಲೆಕ್ಕ ಹಾಕಲು, ಹಳ್ಳಿಗೆ ಹೋಗಿ ಮಾತಾಡಿಸಲು ಜನ ಬೇಕಲ್ಲ. ನಮ್ಮ ಮಕ್ಕಳಿಗೆ ಅಂಥ ಕೆಲಸಗಳು ಇವೆ ಅಂತಲೇ ಗೊತ್ತಿಲ್ಲ.

ಈ ಪತ್ರ ಓದುವವರ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕಬ್ಬಿಣ ಹುಡುಕಬೇಡಿ, ಬಾಯಿಗೆ ಏನೂ ತುರುಕಬೇಡಿ. ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದು ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಬಂದಾಗ ಏನು ಮಾಡುತ್ತಿದ್ದರು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಡಿ, ಸ್ನಾನ ಆಗಿದ್ದರೂ ಸರಿ.

ಕೊನೆಗೆ ನಿಮ್ಮಲ್ಲಿ ಒಂದೇ ವಿನಂತಿ. ಆ ತಂಡದವರನ್ನು ಇನ್ನೊಮ್ಮೆ ಮಾತಾಡಿಸಿ, ಹನ್ನೊಂದು ಜನರ ಹೆಸರೂ ಹಾಕಿ, ಒಬ್ಬೊಬ್ಬರ ಬಗ್ಗೆ ನಾಲ್ಕು ಸಾಲಾದರೂ ಬರೆಯಿರಿ. ಹಿಂದಿನ ಸಾಲಿನಲ್ಲಿ ಎಡಗಡೆ ಕೊನೆಗೆ ನಿಂತ ಹುಡುಗಿಯ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದೆ. ಅವಳು ಯಾವ ಊರಿನವಳು?

ಇಂತಿ ನಿಮ್ಮ ಓದುಗಿ,
ವಿಜ್ಞಾನ ಶಿಕ್ಷಕಿ, ಕುಮಟಾ ತಾಲ್ಲೂಕು, ಉತ್ತರ ಕನ್ನಡ