ಸಾವಿನ ಅಪಘಾತಗಳಲ್ಲಿ ಚಾಲಕನ ಮದ್ಯ ಪರೀಕ್ಷೆ ತಡವಾಗದಿರಲಿ

ಮಾನ್ಯ ಸಂಪಾದಕರೇ,

ರಸ್ತೆ ಅಪಘಾತದಲ್ಲಿ ಜೀವಹಾನಿಯಾದಾಗ ವಾಹನ ಚಲಾಯಿಸುತ್ತಿದ್ದವನು ಮದ್ಯ ಸೇವಿಸಿದ್ದನೇ ಎಂಬುದನ್ನು ಮೊದಲ ಎರಡು ಗಂಟೆಯೊಳಗೇ ಪರೀಕ್ಷಿಸುವ ಕಟ್ಟುನಿಟ್ಟಿನ ಪದ್ಧತಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಜಾರಿಗೆ ಬರಬೇಕೆಂದು ಜಿಲ್ಲಾಡಳಿತವನ್ನೂ ಪೊಲೀಸ್ ಮತ್ತು ಆರೋಗ್ಯ ಇಲಾಖೆಗಳನ್ನೂ ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತಿದ್ದೇನೆ. ಪರೀಕ್ಷೆ ತಡವಾದ ಒಂದೇ ಕಾರಣಕ್ಕೆ ನನ್ನ ತಮ್ಮನ ಸಾವಿನ ಪ್ರಕರಣ ಸಡಿಲವಾಗಿ ನಿಂತಿದೆ.

ಬಂದರಿನ ಬಳಿಯ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ ರಾತ್ರಿ ಹನ್ನೊಂದರ ಸುಮಾರಿಗೆ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದ ಅವನಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರೊಂದು ಹಿಂದಿನಿಂದ ಗುದ್ದಿತು. ಅವನು ಹೆಲ್ಮೆಟ್ ಧರಿಸಿದ್ದ, ರಸ್ತೆಯ ಎಡಬದಿಯಲ್ಲೇ ಇದ್ದ. ಕಾರಿನಿಂದ ಇಳಿದವನು ನೆಟ್ಟಗೆ ನಿಲ್ಲಲಾರದೆ ಬಾಗಿಲು ಹಿಡಿದು ತೂರಾಡುತ್ತಿದ್ದುದನ್ನು ಓಡಿಬಂದ ಊರವರೆಲ್ಲ ನೋಡಿದ್ದಾರೆ. ಆದರೆ ಉಸಿರು ಪರೀಕ್ಷಿಸುವ ಯಂತ್ರ ಆ ರಾತ್ರಿ ಬೇರೆಲ್ಲೋ ಇತ್ತೆಂದು ಒಬ್ಬರು ಹೇಳಿದರೆ, ರಕ್ತ ತೆಗೆಯಲು ಕೋರಿಕೆ ಪತ್ರವೇ ಬರಲಿಲ್ಲವೆಂದು ಮತ್ತೊಬ್ಬರು ಹೇಳಿದರು. ಕೊನೆಗೆ ಆತನ ವೈದ್ಯಕೀಯ ಪರೀಕ್ಷೆ ನಡೆದದ್ದು ಮರುದಿನ ಬೆಳಿಗ್ಗೆ ಏಳು ಗಂಟೆಗೆ. ಎಫ್‌ಐಆರ್‌ನಲ್ಲಿ ‘ಅತೀ ವೇಗ ಹಾಗೂ ನಿಷ್ಕಾಳಜಿತನದಿಂದ ಚಲಾಯಿಸಿಕೊಂಡು ಬಂದು’ ಎಂದಷ್ಟೇ ಇದೆ. ವೈದ್ಯರ ವರದಿಯಲ್ಲಿ ಮದ್ಯದ ವಾಸನೆ ಕಂಡುಬಂದಿಲ್ಲವೆಂದು ಬರೆದಿದೆ. ಸಂಜೆಯೊಳಗೆ ಆತನಿಗೆ ಜಾಮೀನು ಸಿಕ್ಕಿತು.

ಎಂಟು ಗಂಟೆ ಕಳೆದ ಮೇಲೆ ವಾಸನೆ ಸಿಗುವುದಾದರೂ ಹೇಗೆ? ಮನುಷ್ಯನ ದೇಹ ಪ್ರತಿ 100 ಮಿಲಿಲೀಟರ್ ರಕ್ತದಲ್ಲಿರುವ ಮದ್ಯಸಾರವನ್ನು ಸಾಮಾನ್ಯವಾಗಿ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಕರಗಿಸುತ್ತದೆ. ಕಾನೂನಿನ ಮಿತಿ ಇರುವುದು 30 ಮಿಲಿಗ್ರಾಂ. ಅಂದರೆ ಮಿತಿಯ ನಾಲ್ಕು ಪಟ್ಟು ಕುಡಿದು ಒಂದು ಜೀವ ತೆಗೆದವನೂ ಎಂಟು ಗಂಟೆ ಕಳೆದರೆ ಕಾಗದದ ಮೇಲೆ ಕುಡಿಯದವನಾಗಿಬಿಡುತ್ತಾನೆ. ಸಾಕ್ಷಿ ಅವನ ರಕ್ತದಲ್ಲೇ ಇರುತ್ತದೆ, ನಾವು ಕಾಯುತ್ತ ಕುಳಿತಷ್ಟು ಹೊತ್ತೂ ಅದು ಅಳಿಯುತ್ತಲೇ ಇರುತ್ತದೆ.

ಕಾನೂನಿನಲ್ಲಿ ಕೊರತೆ ಇದೆಯೆಂದು ನಾನು ಹೇಳುತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿಗೆ 2019ರಲ್ಲಿ ತಿದ್ದುಪಡಿಯಾಗಿ, ಕುಡಿದು ವಾಹನ ಚಲಾಯಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದಾಗಿದೆ. ಈ ಅಪರಾಧಕ್ಕಾಗಿ ಸ್ಥಳದಲ್ಲೇ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ತಪ್ಪಿದರೆ ಬಿಟ್ಟುಬಿಡಬೇಕು ಎಂದು 202ನೇ ಕಲಮು ಹೇಳುತ್ತದೆ. ಬಂಧಿತನ ವೈದ್ಯಕೀಯ ಪರೀಕ್ಷೆಗೆ ಕೋರಿಕೆ ಸಲ್ಲಿಸಲು ಮೊದಲು ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿಯಾದರೂ ಬೇಕಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51ನೇ ಕಲಮಿನ ಪ್ರಕಾರ ಯಾವುದೇ ಪೊಲೀಸ್ ಅಧಿಕಾರಿ ಕೋರಬಹುದು. ಸಾಹೇಬರು ಇರಲಿಲ್ಲ ಎಂಬ ಕಾರಣಕ್ಕೆ ಇನ್ನು ಜಾಗವಿಲ್ಲ.

ರಕ್ತದ ವರದಿಯೊಂದು ಎಷ್ಟು ದೊಡ್ಡ ವ್ಯತ್ಯಾಸ ತರಬಲ್ಲದು ಎಂಬುದಕ್ಕೆ 2006ರ ಮುಂಬೈ ಕಾರ್ಟರ್ ರಸ್ತೆಯ ಪ್ರಕರಣವನ್ನು ನೋಡಬಹುದು. ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಏಳು ಮಂದಿ ಬಡ ಕಾರ್ಮಿಕರ ಸಾವಿಗೆ ಕಾರಣನಾದ ಚಾಲಕನ ರಕ್ತದಲ್ಲಿ ಮದ್ಯಸಾರ ಪತ್ತೆಯಾಗಿತ್ತು. ಅದನ್ನು ಬರೀ ನಿರ್ಲಕ್ಷ್ಯದ ಸಾವೆಂದು ಬಿಡದೆ, ಕೊಲೆಯಲ್ಲದ ದಂಡಾರ್ಹ ನರಹತ್ಯೆಯೆಂಬ ತೀರ್ಮಾನವನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಅಂಥ ವರದಿ ಇಲ್ಲದ ಕಡೆ ನಮ್ಮಂಥವರ ಕೈಯಲ್ಲಿ ಉಳಿಯುವುದು ಊರವರ ಬಾಯಿಮಾತು ಮಾತ್ರ.

ಮದ್ಯದಂಗಡಿಗಳನ್ನೇ ಮುಚ್ಚಿಸಿ ಎನ್ನುವವರಿದ್ದಾರೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂಬ ನಿಯಮ ಬಂದು, 2017ರಲ್ಲೇ ಪಟ್ಟಣದ ಮಿತಿಗಳಿಗೆ ಅದು ಅನ್ವಯಿಸದೆಂದಾದುದನ್ನು ಕಂಡ ಮೇಲೆ ಆ ದಾರಿಯಲ್ಲಿ ನನಗೆ ಹೆಚ್ಚಿನ ಭರವಸೆಯಿಲ್ಲ. ಅದಕ್ಕಿಂತ, ಗೋವಾ ಕಡೆಯಿಂದ ಬರುವ ವಾಹನಗಳಲ್ಲಿ ಬಾಟಲಿ ಹುಡುಕುವ ಮಾಜಾಳಿ ತನಿಖಾ ಠಾಣೆಯಲ್ಲೇ ಚಾಲಕರ ಉಸಿರನ್ನೂ ಪರೀಕ್ಷಿಸಲಿ. ಹಟ್ಟಿಕೇರಿ, ಹೊಳೆಗದ್ದೆ ಟೋಲ್‌ಗಳಲ್ಲಿ ಶನಿವಾರ, ಭಾನುವಾರದ ರಾತ್ರಿಗಳಲ್ಲಾದರೂ ತಪಾಸಣೆ ತಪ್ಪದಿರಲಿ.

ಅರಬೈಲ್, ದೇವಿಮನೆ ಘಟ್ಟಗಳಲ್ಲಿ ಅಪಘಾತವಾದರೆ ಆಸ್ಪತ್ರೆ ಮುಟ್ಟುವುದಕ್ಕೇ ಬಹಳ ಹೊತ್ತು ಹಿಡಿಯುವುದರಿಂದ ಗಸ್ತು ವಾಹನದಲ್ಲೇ ಯಂತ್ರ ಇರಬೇಕು. ನಮ್ಮ ಜಿಲ್ಲೆಯಲ್ಲಿ ಸುಸಜ್ಜಿತ ದೊಡ್ಡ ಆಸ್ಪತ್ರೆ ಇಲ್ಲದೆ ತೀವ್ರ ಗಾಯಾಳುಗಳನ್ನು ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಒಯ್ಯುವುದು ಎಲ್ಲರಿಗೂ ಗೊತ್ತು. ಚಾಲಕನೇ ಗಾಯಗೊಂಡಿದ್ದರೆ, ಹಾಗೆ ಒಯ್ಯುವ ಮೊದಲೇ, ಚಿಕಿತ್ಸೆಗೆ ಅಡ್ಡಿಯಾಗದಂತೆ, ಮೊದಲ ಆಸ್ಪತ್ರೆಯಲ್ಲೇ ಅವನ ರಕ್ತದ ಮಾದರಿ ತೆಗೆದು ಮೊಹರು ಮಾಡಬೇಕು. ಸಾವಿನ ಪ್ರತಿ ಪ್ರಕರಣದಲ್ಲೂ ಪರೀಕ್ಷೆ ನಡೆದ ಸಮಯವನ್ನು, ನಡೆಯದಿದ್ದರೆ ಅದರ ಕಾರಣವನ್ನು, ಅಧಿಕಾರಿ ಬರೆದಿಡಬೇಕು. ಆ ದಾಖಲೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗೆ ಬರಬೇಕು.

ಇಂಥ ದುಃಖ ಯಾರ ಮನೆಗೂ ಬಾರದಿರಲಿ. ಬಂದರೆ, ಆ ರಾತ್ರಿ ಮನೆಯವರಿಗೆ ಏನೂ ತೋಚುವುದಿಲ್ಲ. ಜೊತೆಗಿರುವ ನೆಂಟರೋ ನೆರೆಯವರೋ ಕೂಡಲೇ ಠಾಣೆಗೆ ಹೋಗಿ, ಚಾಲಕನ ರಕ್ತ ಪರೀಕ್ಷೆ ಕೋರಿ ಲಿಖಿತ ಅರ್ಜಿ ಕೊಟ್ಟು, ಸಮಯ ನಮೂದಿಸಿದ ಸ್ವೀಕೃತಿ ಪಡೆಯಿರಿ. ಅರ್ಜಿ ತೆಗೆದುಕೊಳ್ಳದಿದ್ದರೆ ಅಲ್ಲಿಂದಲೇ 112ಕ್ಕೆ ಕರೆ ಮಾಡಿ ವಿಷಯ ತಿಳಿಸಿ.

— ಮೃತನ ಅಕ್ಕ, ಉತ್ತರ ಕನ್ನಡ ಜಿಲ್ಲೆ